ಇಬ್ಬರಿಗೂ 111, ಪ್ರಶಸ್ತಿ ಒಬ್ಬನಿಗೆ: 2004ರ ಯುರೋಪಿಯನ್ ಟೂರಿಂಗ್ ಕಾರ್ ಋತು

2004ರ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನ ಅಂಕಪಟ್ಟಿಯಲ್ಲಿ ಮೊದಲ ಎರಡು ಸಾಲುಗಳು ಹೀಗಿವೆ: ಆ್ಯಂಡಿ ಪ್ರಿಯೋ 111, ಡಿರ್ಕ್ ಮ್ಯುಲ್ಲರ್ 111. ಮಾರ್ಚ್ ಕೊನೆಗೆ ಇಟಲಿಯ ಮೊಂಜಾದಲ್ಲಿ ಶುರುವಾದ ಸ್ಪರ್ಧೆ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಮುಗಿಯುವ ಹೊತ್ತಿಗೆ ಹತ್ತು ವಾರಾಂತ್ಯಗಳು, ಇಪ್ಪತ್ತು ರೇಸುಗಳು ಕಳೆದಿದ್ದವು. ಇಬ್ಬರೂ ಓಡಿಸಿದ್ದು ಒಂದೇ ಮಾದರಿಯ ಬಿಎಂಡಬ್ಲ್ಯು 320ಐ. ಆದರೂ ಅವರ ನಡುವೆ ಒಂದು ಅಂಕದ ಅಂತರವೂ ಉಳಿದಿರಲಿಲ್ಲ. ಪ್ರಶಸ್ತಿ ಪ್ರಿಯೋಗೆ ಹೋಯಿತು.

ಮೊದಲ ಸಲ ಈ ಪಟ್ಟಿಯನ್ನು ನೋಡಿದಾಗ ಇದೊಂದು ಅಪರೂಪದ ಕಾಕತಾಳೀಯವೆಂದೇ ನನಗೆ ಅನ್ನಿಸಿತ್ತು. ನಿಯಮಗಳನ್ನು ಒಂದೊಂದಾಗಿ ಬಿಡಿಸಿಕೊಂಡು ನೋಡಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ಮುಂದಿರುವವನನ್ನು ಹಿಂದಕ್ಕೆಳೆಯಲು, ಹಿಂದಿರುವವನನ್ನು ಮುಂದಕ್ಕೆ ತಳ್ಳಲು ಟೂರಿಂಗ್ ಕಾರ್ ರೇಸಿನಲ್ಲಿ ಎಷ್ಟು ಏರ್ಪಾಡುಗಳಿವೆ ಎಂದರೆ, ಋತುವಿನ ಕೊನೆಗೆ ಇಬ್ಬರು ಮೂವರು ಕೂದಲೆಳೆಯ ಅಂತರದಲ್ಲಿ ಬಂದು ನಿಲ್ಲುವುದೇ ಹೆಚ್ಚು ಸಹಜ. ಹಿಂದಿನ ವರ್ಷವೂ ಹಾಗೆಯೇ ಆಗಿತ್ತು. 2003ರಲ್ಲಿ ಆಲ್ಫಾ ರೋಮಿಯೊ ಓಡಿಸುತ್ತಿದ್ದ ಗೇಬ್ರಿಯೆಲೆ ಟಾರ್ಕ್ವಿನಿ, ಬಿಎಂಡಬ್ಲ್ಯುವಿನ ಯೋರ್ಗ್ ಮ್ಯುಲ್ಲರ್ ಅವರನ್ನು ಒಂದೇ ಒಂದು ಅಂಕದಿಂದ ಹಿಂದಿಕ್ಕಿ ಚಾಂಪಿಯನ್ ಆಗಿದ್ದರು. (ಯೋರ್ಗ್ ಮತ್ತು ಡಿರ್ಕ್ ಇಬ್ಬರೂ ಜರ್ಮನಿಯವರು, ಇಬ್ಬರೂ ಮ್ಯುಲ್ಲರ್, ಒಂದೇ ತಂಡದವರು. ಆದರೆ ಅಣ್ಣತಮ್ಮಂದಿರಲ್ಲ. ಈ ಸ್ಪರ್ಧೆಯ ಬಗ್ಗೆ ಓದುವವರೆಲ್ಲರೂ ಒಮ್ಮೆಯಾದರೂ ಇಲ್ಲಿ ಎಡವುತ್ತಾರೆ.)

ಟೂರಿಂಗ್ ಕಾರ್ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಫಾರ್ಮುಲಾ ಒನ್ ಕಾರನ್ನು ರೇಸಿಗಾಗಿಯೇ ಹುಟ್ಟಿಸುತ್ತಾರೆ. ಅದಕ್ಕೆ ಬಾಗಿಲಿಲ್ಲ, ಚಾವಣಿಯಿಲ್ಲ, ಚಕ್ರಗಳು ಹೊರಗೇ ಇರುತ್ತವೆ. ಟೂರಿಂಗ್ ಕಾರು ಶೋರೂಮಿನಲ್ಲಿ ಮಾರಾಟವಾಗುವ ಕಾರಿನಿಂದಲೇ ಹುಟ್ಟುತ್ತದೆ. ಒಳಗಿನ ಸೀಟು, ಮೆತ್ತೆ, ಕಾರ್ಪೆಟ್ ಎಲ್ಲವನ್ನೂ ಕಿತ್ತು ಉಕ್ಕಿನ ಕೊಳವೆಗಳ ಪಂಜರವನ್ನು ಬೆಸೆಯುತ್ತಾರೆ. ಸಸ್ಪೆನ್ಷನ್, ಬ್ರೇಕ್, ಗೇರ್ ಪೆಟ್ಟಿಗೆ ಬದಲಾಗುತ್ತವೆ. ಹೊರಗಿನ ಆಕಾರ ಮಾತ್ರ ಅದೇ. ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ಕಾರಿನ ನೆರಳು ಅದರಲ್ಲಿ ಉಳಿದಿರುತ್ತದೆ. ಯುರೋಪಿನಲ್ಲಿ ಈ ಸ್ಪರ್ಧೆ 1963ರಲ್ಲಿ ಶುರುವಾಯಿತು; ಮೊದಲ ಚಾಂಪಿಯನ್ ಜಾಗ್ವಾರ್ ಓಡಿಸಿದ ಪೀಟರ್ ನೋಕರ್. 1988ರ ನಂತರ ನಿಂತುಹೋಗಿ, ಈ ಶತಮಾನದ ಆರಂಭದಲ್ಲಿ ಮತ್ತೆ ಚಿಗುರಿತು. 2004ರ ಹೊತ್ತಿಗೆ ‘ಸೂಪರ್ 2000’ ಎಂಬ ನಿಯಮಾವಳಿ ಚಾಲ್ತಿಯಲ್ಲಿತ್ತು. ಅದರ ಪ್ರಕಾರ ಎಂಜಿನ್ 2 ಲೀಟರಿನದು, ಟರ್ಬೊ ಇಲ್ಲ. ಬಿಎಂಡಬ್ಲ್ಯು 320ಐ, ಆಲ್ಫಾ ರೋಮಿಯೊ 156, ಸ್ಪೇನಿನ ಸೆಯಾಟ್ ಟೊಲೆಡೊ ಆ ವರ್ಷದ ಮುಖ್ಯ ಕಾರುಗಳು.

ಚಕ್ರಗಳು ದೇಹದೊಳಗೆ ಮುಚ್ಚಿಕೊಂಡಿರುವುದರಿಂದ ಈ ಕಾರುಗಳು ಒಂದಕ್ಕೊಂದು ತಾಗಿದರೂ ಸಾಮಾನ್ಯವಾಗಿ ಓಟ ನಿಲ್ಲುವುದಿಲ್ಲ. ತಿರುವಿನಲ್ಲಿ ಬಾಗಿಲಿಗೆ ಬಾಗಿಲು ಉಜ್ಜುತ್ತದೆ, ಕನ್ನಡಿ ಮುರಿದು ಹಾರುತ್ತದೆ, ಬಂಪರಿನ ತುಂಡು ನೆಲಕ್ಕೆ ಉಜ್ಜುತ್ತ ಕಿಡಿ ಹಾರಿಸುತ್ತ ಇನ್ನೂ ಎರಡು ಲ್ಯಾಪ್ (ಟ್ರ್ಯಾಕಿನ ಪೂರ್ತಿ ಸುತ್ತು) ಬರುತ್ತದೆ. ಒಂದೊಂದು ರೇಸೂ ಸುಮಾರು 50 ಕಿಲೋಮೀಟರಿನದು, ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ತಾಳ್ಮೆಯಿಂದ ಕಾಯಲು ಸಮಯವೇ ಇರುವುದಿಲ್ಲ. ಇಂಥ ರೇಸುಗಳು ಒಂದೇ ದಿನ ಎರಡು ನಡೆಯುತ್ತವೆ. ನಾನು ವಿವರಿಸಬೇಕೆಂದಿರುವ ಸಂಗತಿಯ ಬೇರು ಇರುವುದು ಈ ಎರಡು ರೇಸುಗಳ ನಡುವಿನ ಸಂಬಂಧದಲ್ಲಿ.

ಮೊದಲು ಅಂಕಗಳನ್ನು ನೋಡೋಣ. ಗೆದ್ದವನಿಗೆ 10, ಆಮೇಲೆ 8, 6, 5, 4, 3, 2, 1. ಎಂಟನೆಯವನ ತನಕ ಏನಾದರೂ ಸಿಗುತ್ತದೆ, ಒಂಬತ್ತನೆಯವನಿಗೆ ಸೊನ್ನೆ. ಇಪ್ಪತ್ತು ರೇಸುಗಳನ್ನೂ ಗೆದ್ದರೆ 200 ಅಂಕ. ಚಾಂಪಿಯನ್ ಗಳಿಸಿದ್ದು 111. ಭಾಗಿಸಿದರೆ ರೇಸಿಗೆ ಐದೂವರೆಗಿಂತ ತುಸು ಹೆಚ್ಚು; ಮೂರನೇ ಸ್ಥಾನದ 6 ಮತ್ತು ನಾಲ್ಕನೇ ಸ್ಥಾನದ 5ರ ನಡುವೆ ಎಲ್ಲೋ ಬರುತ್ತದೆ. ಇಡೀ ಯುರೋಪಿನ ಅತ್ಯುತ್ತಮ ಟೂರಿಂಗ್ ಕಾರ್ ಚಾಲಕನ ಸರಾಸರಿ ಇಷ್ಟೇ! ಅವನು ಮಂದಗತಿಯವನು ಎಂದು ಇದರಿಂದ ತಿಳಿಯಬಾರದು. ಪದೇಪದೇ ಗೆಲ್ಲಲು ಯಾರಿಗೂ ಬಿಡದ ಹಾಗೆ ವ್ಯವಸ್ಥೆ ಕಟ್ಟಿದ್ದರು.

ಆ ವ್ಯವಸ್ಥೆಯ ಮೊದಲ ಕೈ ತಲೆಕೆಳಗಾದ ಗ್ರಿಡ್ (ಹೊರಡುವ ಮುನ್ನ ಕಾರುಗಳು ನಿಲ್ಲುವ ಸಾಲುಗಳಿಗೆ ಗ್ರಿಡ್ ಎನ್ನುತ್ತಾರೆ). ಮೊದಲ ರೇಸಿಗೆ ಕಾರುಗಳು ನಿಲ್ಲುವ ಕ್ರಮವನ್ನು ಅರ್ಹತಾ ಸುತ್ತು ತೀರ್ಮಾನಿಸುತ್ತದೆ. ವೇಗವಾಗಿ ಲ್ಯಾಪ್ ಮುಗಿಸಿದವನು ಮುಂದೆ. ಎರಡನೇ ರೇಸಿಗೆ ಮೊದಲ ರೇಸಿನ ಫಲಿತಾಂಶವೇ ಆಧಾರ, ಆದರೆ ಮೊದಲ ಎಂಟು ಸ್ಥಾನಗಳನ್ನು ತಿರುಗಿಸಿಬಿಡುತ್ತಾರೆ. ಮೊದಲ ರೇಸು ಗೆದ್ದವನು ಎಂಟನೆಯವನಾಗಿ ಹೊರಡುತ್ತಾನೆ. ಎಂಟನೆಯವನಾಗಿ ಮುಗಿಸಿದವನು ಎಲ್ಲರಿಗಿಂತ ಮುಂದೆ ನಿಲ್ಲುತ್ತಾನೆ. ಒಂಬತ್ತನೆಯವನು ಒಂಬತ್ತರಲ್ಲೇ ಉಳಿಯುತ್ತಾನೆ.

ಈಗ ಮೊದಲ ರೇಸಿನ ಕೊನೆಯ ಲ್ಯಾಪನ್ನು ಊಹಿಸಿಕೊಳ್ಳಿ. ಮುಂದಿನ ಮೂವರ ನಡುವೆ ಅಂತರ ಏರ್ಪಟ್ಟಿದೆ, ಅಲ್ಲಿ ಏನೂ ನಡೆಯುತ್ತಿಲ್ಲ. ಆದರೆ ಏಳು, ಎಂಟು, ಒಂಬತ್ತನೇ ಸ್ಥಾನಗಳಲ್ಲಿ ಮೂರು ಕಾರುಗಳು ಒಂದರ ಬಾಲಕ್ಕೊಂದು ಅಂಟಿಕೊಂಡಿವೆ. ಒಂಬತ್ತನೆಯವನು ಒಂದೇ ಒಂದು ಕಾರನ್ನು ದಾಟಿದರೆ ಸೊನ್ನೆಯಿಂದ ಒಂದು ಅಂಕಕ್ಕೇರುತ್ತಾನೆ. ಅದಕ್ಕಿಂತ ಮಿಗಿಲಾಗಿ, ಮುಂದಿನ ರೇಸಿನಲ್ಲಿ ಒಂಬತ್ತನೇ ಜಾಗದಿಂದ ಮೊದಲ ಜಾಗಕ್ಕೆ ನೆಗೆಯುತ್ತಾನೆ. ದಾಟಿಸಿಕೊಂಡವನು ಆ ಎರಡನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ. ಹಾಗಾಗಿ ಕೊನೆಯ ತಿರುವಿನಲ್ಲಿ ಬ್ರೇಕ್ ಹಾಕುವ ಗುರುತನ್ನು ಇಬ್ಬರೂ ಮೀರುತ್ತಾರೆ, ಟೈರುಗಳಿಂದ ಬಿಳಿ ಹೊಗೆ ಏಳುತ್ತದೆ, ಬಾಗಿಲಿಗೆ ಬಾಗಿಲು ಒತ್ತಿಕೊಂಡೇ ಗೆರೆ ದಾಟುತ್ತಾರೆ. ಟಿವಿಯ ಕ್ಯಾಮೆರಾ ಗೆದ್ದವನ ಮೇಲಿರುತ್ತದೆ. ಈ ಆಟ ಗೊತ್ತಿರುವ ನೋಡುಗನ ಕಣ್ಣು ಎಂಟನೇ ಸ್ಥಾನದ ಮೇಲಿರುತ್ತದೆ.

ಹಾಗಾದರೆ ಬೇಕೆಂದೇ ಎಂಟನೆಯವನಾದರೆ ಲಾಭವೇ? ಲೆಕ್ಕ ಹಾಕಿ ನೋಡಿ. ಒಬ್ಬ ಚಾಲಕ ಮೊದಲ ರೇಸು ಗೆದ್ದು 10 ಪಡೆದ, ಎರಡನೆಯದರಲ್ಲಿ ಎಂಟನೇ ಜಾಗದಿಂದ ಹೊರಟು ಐದನೆಯವನಾಗಿ 4 ಪಡೆದ, ಒಟ್ಟು 14. ಇನ್ನೊಬ್ಬ ಎಂಟನೆಯವನಾಗಿ 1 ಪಡೆದ, ಎರಡನೆಯದನ್ನು ಮುಂದಿನಿಂದ ಹೊರಟು ಗೆದ್ದು 10 ಪಡೆದ, ಒಟ್ಟು 11. ಗೆಲ್ಲಬಲ್ಲವನಿಗೆ ಮೊದಲ ರೇಸು ಗೆಲ್ಲುವುದೇ ಲೇಸು. ಆದರೆ ಅರ್ಹತಾ ಸುತ್ತು ಕೆಟ್ಟುಹೋಗಿ ಹಿಂದೆ ಸಿಕ್ಕಿಹಾಕಿಕೊಂಡವನಿಗೆ ಎಂಟನೇ ಸ್ಥಾನ ಇಡೀ ಭಾನುವಾರವನ್ನೇ ಉಳಿಸಿಕೊಡುತ್ತದೆ. ಏಳನೆಯವನಾಗಿ 2 ಅಂಕ ಪಡೆದು ಮೊದಲ ಸಾಲಿನಲ್ಲೇ ಪಕ್ಕದ ಜಾಗದಲ್ಲಿ ನಿಲ್ಲುವುದು ಅದಕ್ಕಿಂತ ವಾಸಿಯೋ ಎಂಬ ಪ್ರಶ್ನೆ ತಂಡಗಳನ್ನು ಕಾಡುತ್ತಲೇ ಇರುತ್ತದೆ. ನನ್ನ ಎಣಿಕೆಯಲ್ಲಿ ಏಳೇ ವಾಸಿ. ಎಂಟರಲ್ಲಿ ನಿಂತವನು ಒಂದು ಸಣ್ಣ ತಪ್ಪು ಮಾಡಿದರೂ ಒಂಬತ್ತಕ್ಕೆ ಬೀಳುತ್ತಾನೆ, ಅಲ್ಲಿ ಕೈಗೇನೂ ಹತ್ತುವುದಿಲ್ಲ.

ಎರಡನೇ ಕೈ ತೂಕ. ಬೆಂಗಳೂರು ಟರ್ಫ್ ಕ್ಲಬ್‌ಗೋ ಮೈಸೂರು ರೇಸ್ ಕ್ಲಬ್‌ಗೋ ಹೋಗಿ ಕುದುರೆ ಓಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಹ್ಯಾಂಡಿಕ್ಯಾಪ್ ಓಟಗಳಲ್ಲಿ ಚೆನ್ನಾಗಿ ಓಡಿದ ಕುದುರೆಗೆ ಹೆಚ್ಚು ತೂಕ, ಸೋತ ಕುದುರೆಗೆ ಕಡಿಮೆ. ಜಾಕಿಯ ಮೈತೂಕ ಸಾಲದಿದ್ದರೆ ಜೀನಿನ ಜೇಬಿಗೆ ಸೀಸದ ತುಂಡುಗಳನ್ನು ಇಳಿಸುತ್ತಾರೆ. ಟೂರಿಂಗ್ ಕಾರ್ ರೇಸಿನಲ್ಲೂ ನಡೆಯುವುದು ಅದೇ. ಗೆದ್ದವನ ಕಾರಿನ ನೆಲಕ್ಕೆ ಲೋಹದ ತೂಕಗಳನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಮುಂದೆ ಫಲಿತಾಂಶ ಕೆಟ್ಟರೆ ಅವು ಇಳಿಯುತ್ತವೆ, ಮತ್ತೆ ಗೆದ್ದರೆ ಏರುತ್ತವೆ.

ಒಂದು ಟನ್ನಿಗಿಂತ ಭಾರದ ಕಾರಿಗೆ ಕೆಲವು ಕೆ.ಜಿ. ಏನು ಮಾಡೀತು ಎನ್ನಿಸಬಹುದು. ಮನೆಗೆ ತರುವ 25 ಕೆ.ಜಿ. ಅಕ್ಕಿಮೂಟೆಯನ್ನು ಹೆಗಲ ಮೇಲಿಟ್ಟುಕೊಂಡು ಮಹಡಿ ಹತ್ತಿ ನೋಡಿ. ಪ್ರತಿ ಮೆಟ್ಟಿಲಿಗೂ ಅದರ ಅರಿವಾಗುತ್ತದೆ. ಕಾರಿಗೆ ಆ ಮೆಟ್ಟಿಲುಗಳೇ ತಿರುವುಗಳು. ಪ್ರತಿ ತಿರುವಿಗೂ ಬ್ರೇಕನ್ನು ತುಸು ಮುಂಚೆ ಒತ್ತಬೇಕು, ತಿರುವಿನಿಂದ ಹೊರಬಂದು ವೇಗ ಹಿಡಿಯುವುದು ತುಸು ತಡವಾಗುತ್ತದೆ, ಟೈರು ಹೆಚ್ಚು ಬಿಸಿಯಾಗಿ ಬೇಗ ಸವೆಯುತ್ತದೆ. ಒಂದು ತಿರುವಿನಲ್ಲಿ ಕಳೆದುಕೊಳ್ಳುವುದು ಕಣ್ಣಿಗೆ ಕಾಣದಷ್ಟು. ಮೊದಲ ಹತ್ತು ಕಾರುಗಳೂ ಒಂದು ಸೆಕೆಂಡಿನೊಳಗೆ ಹೊಂದಿಕೊಂಡಿರುವ ಗ್ರಿಡ್‌ನಲ್ಲಿ ಆ ಕಾಣದಷ್ಟು ನಷ್ಟವೇ ಐದಾರು ಸ್ಥಾನಗಳನ್ನು ನುಂಗಿಬಿಡುತ್ತದೆ.

ಮೂರನೆಯದು ನಿಯಮಕ್ಕಿಂತ ಯಂತ್ರಕ್ಕೆ ಸೇರಿದ್ದು. ಆಲ್ಫಾ ಮತ್ತು ಸೆಯಾಟ್ ಕಾರುಗಳಲ್ಲಿ ಎಂಜಿನ್‌ನ ಬಲ ಮುಂದಿನ ಚಕ್ರಗಳಿಗೆ ಹೋಗುತ್ತಿತ್ತು, ಬಿಎಂಡಬ್ಲ್ಯುವಿನಲ್ಲಿ ಹಿಂದಿನ ಚಕ್ರಗಳಿಗೆ. ನಿಂತಲ್ಲಿಂದ ಕಾರು ಒಮ್ಮೆಲೇ ಮುಂದಕ್ಕೆ ಚಿಮ್ಮಿದಾಗ ಅದರ ಭಾರ ಹಿಂದಕ್ಕೆ ವಾಲುತ್ತದೆ. ಬಸ್ಸು ಹೊರಟಾಗ ನಿಂತ ಪ್ರಯಾಣಿಕರು ಹಿಂದಕ್ಕೆ ವಾಲುವಂತೆ. ಆ ಕ್ಷಣದಲ್ಲಿ ಹಿಂಚಕ್ರಗಳು ನೆಲವನ್ನು ಒತ್ತಿ ಹಿಡಿಯುತ್ತವೆ, ಮುಂಚಕ್ರಗಳು ಹಗುರಾಗಿ ಸುಮ್ಮನೆ ತಿರುಗಿಬಿಡುತ್ತವೆ. ಹಾಗಾಗಿ ನಿಂತು ಹೊರಡುವ ರೇಸಿನಲ್ಲಿ ಬಿಎಂಡಬ್ಲ್ಯುಗಳು ಮೊದಲ ತಿರುವಿಗೆ ಮುನ್ನವೇ ಒಂದೆರಡು ಸ್ಥಾನ ಏರಬಲ್ಲವು. ಮುಂಚಕ್ರದ ಕಾರಿಗೆ ಇನ್ನೊಂದು ಕಷ್ಟವೂ ಇದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಪಾಲು ಹೊರುವುದು, ಎಲ್ಲವೂ ಮುಂದಿನ ಎರಡು ಟೈರುಗಳ ತಲೆಗೇ. ರೇಸಿನ ಕೊನೆಯ ಲ್ಯಾಪುಗಳಲ್ಲಿ ಅವು ಸೋತಿರುತ್ತವೆ. ಇದನ್ನು ಸರಿದೂಗಿಸಲು ಹಿಂಚಕ್ರದ ಕಾರುಗಳಿಗೆ ಕನಿಷ್ಠ ತೂಕವನ್ನೇ ಹೆಚ್ಚಿಗೆ ನಿಗದಿ ಮಾಡಿದ್ದರು. ಆ ತೂಕ ಸಾಕೇ, ಸಾಲದೇ, ಹೆಚ್ಚಾಯಿತೇ ಎಂಬ ಜಗಳ ಈ ಕ್ರೀಡೆಯಲ್ಲಿ ಎಂದೂ ನಿಂತದ್ದಿಲ್ಲ.

ಈಗ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ 2004ರ ಋತು ಹೇಗೆ ನಡೆಯಿತೆಂಬುದು ತಿಳಿಯುತ್ತದೆ. ಒಬ್ಬ ಗೆಲ್ಲುತ್ತಾನೆ, ಅದೇ ದಿನ ಎಂಟನೇ ಜಾಗದಿಂದ ಹೊರಡಬೇಕಾಗುತ್ತದೆ, ಕಾರಿಗೆ ಭಾರವೂ ಏರುತ್ತದೆ. ಅವನ ಎದುರಾಳಿ ಹಗುರಾಗಿ, ಮುಂದೆ ನಿಂತು ಹೊರಡುತ್ತಾನೆ. ಮುಂದಿನ ಊರಿನಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ವೇಗಕ್ಕಿಂತಲೂ ಹೆಚ್ಚಾಗಿ ಕೆಟ್ಟ ದಿನಗಳಲ್ಲಿ ಮೂರು ನಾಲ್ಕು ಅಂಕಗಳನ್ನು ಹೆಕ್ಕಿಕೊಳ್ಳುವ ಜಾಣ್ಮೆ ಇಲ್ಲಿ ಬೇಕು. ಕಾರನ್ನು ಮುರಿದುಕೊಂಡು ಹೊರಬಿದ್ದರೆ ಅದೊಂದು ಸೊನ್ನೆಗೆ ನಿಲ್ಲುವುದಿಲ್ಲ. ಮುರಿದ ಕಾರಿನಲ್ಲಿ ಎರಡನೇ ರೇಸನ್ನು ಕೊನೆಯ ಸಾಲಿನಿಂದ ಶುರುಮಾಡಬೇಕು, ಅದೂ ತಂಡದವರು ಅಷ್ಟರೊಳಗೆ ರಿಪೇರಿ ಮುಗಿಸಿದ್ದರೆ.

ಈ ಬಗೆಯ ಹೋರಾಟಕ್ಕೆ ಪ್ರಿಯೋ ಹೇಳಿಮಾಡಿಸಿದಂತಿದ್ದರು. ಅವರ ಊರು ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್ಸಿ ದ್ವೀಪ. ಅಲ್ಲಿ ರಸ್ತೆಯ ವೇಗಮಿತಿಯೇ ಗಂಟೆಗೆ 35 ಮೈಲಿ. ಅಂಥ ದ್ವೀಪದಿಂದ ಬಂದವರು ಮೊದಲು ಹೆಸರು ಮಾಡಿದ್ದು ಗುಡ್ಡ ಹತ್ತುವ ರೇಸಿನಲ್ಲಿ. 1995ರಲ್ಲಿ ಬ್ರಿಟಿಷ್ ಹಿಲ್‌ಕ್ಲೈಂಬ್ ಚಾಂಪಿಯನ್ ಆದರು. ಅಲ್ಲಿ ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸಬೇಕು, ತಪ್ಪು ತಿದ್ದಿಕೊಳ್ಳಲು ಇನ್ನೊಂದು ಲ್ಯಾಪ್ ಇರುವುದಿಲ್ಲ. 2004ರಲ್ಲಿ ಅವರ ತಂಡದ ಹೆಸರು ಬಿಎಂಡಬ್ಲ್ಯು ಟೀಮ್ ಗ್ರೇಟ್ ಬ್ರಿಟನ್. ಅದನ್ನು ನಡೆಸುತ್ತಿದ್ದವರು ಬೆಲ್ಜಿಯಂನ ಬಾರ್ಟ್ ಮಾಂಪೆ. ಡಿರ್ಕ್ ಮ್ಯುಲ್ಲರ್ ಓಡಿಸುತ್ತಿದ್ದದ್ದು ಷ್ನಿಟ್ಸರ್ ನಡೆಸುತ್ತಿದ್ದ ಬಿಎಂಡಬ್ಲ್ಯು ಟೀಮ್ ಡಾಯ್ಚ್‌ಲಾಂಟ್‌ಗೆ. ದಶಕಗಳ ಅನುಭವದ, ಬಿಎಂಡಬ್ಲ್ಯು ರೇಸಿಂಗ್‌ನ ಹಿರಿಮನೆಯಂಥ ತಂಡ ಅದು. ಒಂದೇ ಕಂಪನಿಯ ಕಾರು, ಬೇರೆ ಬೇರೆ ದೇಶಗಳ ಬಾವುಟ. ಕೊನೆಯ ದಿನ ಪ್ರಶಸ್ತಿಗಾಗಿ ಸೆಣಸಿದ್ದೂ ಈ ಎರಡು ಮನೆಗಳೇ.

ಬಿಎಂಡಬ್ಲ್ಯುವಿಗೆ ಮೂರನೇ ಬಾವುಟವೂ ಇತ್ತು. ಇಟಲಿ–ಸ್ಪೇನ್ ಹೆಸರಿನ ಆ ತಂಡವನ್ನು ನಡೆಸುತ್ತಿದ್ದವರು 1988ರಲ್ಲಿ, ಹಳೆಯ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಕೊನೆಯ ವರ್ಷ, ಗೆದ್ದಿದ್ದ ರೊಬೆರ್ಟೊ ರವಾಲಿಯಾ. ಅವರ ಕಾರಿನಲ್ಲಿ ಕುಳಿತಿದ್ದ ಅಲೆಕ್ಸ್ ಝನಾರ್ಡಿಯನ್ನು ಬಿಟ್ಟು ಈ ಋತುವಿನ ಬಗ್ಗೆ ಬರೆಯಲು ನನಗೆ ಮನಸ್ಸು ಬಾರದು. 2001ರ ಸೆಪ್ಟೆಂಬರ್ 15ರಂದು ಜರ್ಮನಿಯ ಲಾಸಿಟ್ಸ್‌ರಿಂಗ್‌ನಲ್ಲಿ ನಡೆದ ಅಪಘಾತದಲ್ಲಿ ಅವರು ಎರಡೂ ಕಾಲುಗಳನ್ನು ಕಳೆದುಕೊಂಡಿದ್ದರು. 2003ರಲ್ಲಿ ಅದೇ ಜಾಗಕ್ಕೆ ಮರಳಿ, ಅಂದು ಓಡಿಸಲಾಗದೆ ಉಳಿದಿದ್ದ 13 ಲ್ಯಾಪ್‌ಗಳನ್ನು ಓಡಿಸಿ ಮುಗಿಸಿದರು. 2004ರಲ್ಲಿ ಈ ಚಾಂಪಿಯನ್‌ಷಿಪ್‌ನ ಪೂರ್ಣಾವಧಿ ಚಾಲಕರಾದರು.

ಅವರ ಕಾರಿನೊಳಗೆ ಒಮ್ಮೆ ಇಣುಕಿ ನೋಡಬೇಕು. ಸ್ಟೀರಿಂಗ್‌ ಚಕ್ರಕ್ಕೆ ಹೊಂದಿಕೊಂಡು ಒಂದು ಬಳೆ ಇದೆ, ಆಕ್ಸಿಲರೇಟರ್ ಅದೇ. ಬೆರಳುಗಳಿಂದ ಅದನ್ನು ಒತ್ತುತ್ತಲೇ ಚಕ್ರವನ್ನು ತಿರುಗಿಸಬೇಕು. ಕ್ಲಚ್ಚಿನ ಕೆಲಸವನ್ನೂ ಗೇರ್ ಹಿಡಿಕೆಯ ಮೇಲಿರುವ ಕೈಯೇ ಮಾಡುತ್ತದೆ. ಬ್ರೇಕ್ ಮಾತ್ರ ಪೆಡಲ್. ಕೃತಕ ಕಾಲನ್ನು ಅದರ ಮೇಲಿಟ್ಟು, ಸೊಂಟದ ಬಲದಿಂದ ಒತ್ತುತ್ತಾರೆ. ಪಾದದಲ್ಲಿ ಸ್ಪರ್ಶವಿಲ್ಲ. ಚಕ್ರ ಜಾರುವ ಅಂಚಿನಲ್ಲಿದೆಯೇ ಎಂಬುದನ್ನು ಉಳಿದ ಚಾಲಕರು ಪಾದದಿಂದ ಅರಿಯುತ್ತಾರೆ, ಇವರು ಬೆನ್ನು ಮತ್ತು ತೊಡೆಯ ಮೂಲದಿಂದ ಅರಿಯಬೇಕು. ಇಷ್ಟೆಲ್ಲವನ್ನೂ ಬಾಗಿಲಿಗೆ ಬಾಗಿಲು ಉಜ್ಜುವ ಗುಂಪಿನ ನಡುವೆ, ಬೇರೆ ಚಾಲಕರಿಂದ ಯಾವ ರಿಯಾಯಿತಿಯನ್ನೂ ಕೇಳದೆ ಮಾಡಿದರು. ಮುಂದಿನ ವರ್ಷ ಓಷರ್ಸ್‌ಲೇಬೆನ್‌ನಲ್ಲಿ ಒಂದು ರೇಸನ್ನು ಗೆದ್ದೇಬಿಟ್ಟರು. ಆಮೇಲೆ ಕೈಯಿಂದ ತುಳಿಯುವ ಸೈಕಲ್ಲಿನಲ್ಲಿ, 2012 ಮತ್ತು 2016ರ ಪ್ಯಾರಾಲಿಂಪಿಕ್ಸ್‌ಗಳಿಂದ ನಾಲ್ಕು ಚಿನ್ನ ತಂದರು.

ಕೊನೆಯ ಸುತ್ತು ದುಬೈಯಲ್ಲಿ. ಯುರೋಪಿಯನ್ ಎಂಬ ಹೆಸರಿನ ಪ್ರಶಸ್ತಿ ಕೊಲ್ಲಿಯ ಮರಳುಗಾಡಿನಲ್ಲಿ, ನಮ್ಮ ಕರಾವಳಿಯ ಸಾವಿರಾರು ಕುಟುಂಬಗಳು ಬದುಕು ಕಟ್ಟಿಕೊಂಡಿರುವ ಊರಿನಲ್ಲಿ ತೀರ್ಮಾನವಾಗಲಿತ್ತು. 5.39 ಕಿಲೋಮೀಟರ್ ಉದ್ದದ ದುಬೈ ಆಟೊಡ್ರೋಮ್ ಆಗಷ್ಟೇ ತೆರೆದಿತ್ತು. ಹಳೆಯ ಅನುಭವ ಯಾರಿಗೂ ಇರಲಿಲ್ಲ. ಎಲ್ಲಿ ಬ್ರೇಕ್ ಹಾಕಬೇಕು, ಎಲ್ಲಿ ಮರಳು ಹಾರಿ ಬಂದು ಕೂರುತ್ತದೆ ಎಂಬುದನ್ನು ಎಲ್ಲರೂ ಅಲ್ಲೇ ಕಲಿಯಬೇಕಿತ್ತು. ಹೊಸ ಟ್ರ್ಯಾಕ್ ಎಂದರೆ ಎಲ್ಲರೂ ಒಂದೇ ಗೆರೆಯಿಂದ ಹೊರಟಂತೆ. ಹತ್ತೊಂಬತ್ತು ರೇಸು ಕಳೆದು ಇಪ್ಪತ್ತನೆಯದರ ಬಾವುಟ ಬಿದ್ದಾಗ ಪ್ರಿಯೋ ಮತ್ತು ಮ್ಯುಲ್ಲರ್ ಸಮ ಸಮ.

ಸಮವಾದರೆ ಮಾಡುವ ಲೆಕ್ಕ ಸರಳ. ಯಾರು ಹೆಚ್ಚು ರೇಸು ಗೆದ್ದಿದ್ದಾರೆಂದು ಎಣಿಸುತ್ತಾರೆ. ಅದೂ ಸಮವಾದರೆ ಯಾರು ಹೆಚ್ಚು ಸಲ ಎರಡನೆಯವರಾಗಿದ್ದಾರೆ, ಅದೂ ಸಮವಾದರೆ ಮೂರನೆಯವರು, ಹೀಗೆ ಕೆಳಗಿಳಿಯುತ್ತ ಹೋಗುತ್ತಾರೆ. 2004ರಲ್ಲಿ ಮೊದಲ ಮೆಟ್ಟಿಲಿನಲ್ಲೇ ಇತ್ಯರ್ಥವಾಯಿತು: ಪ್ರಿಯೋ ಹೆಚ್ಚು ರೇಸು ಗೆದ್ದಿದ್ದರು.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ಈ ಋತು ಇಷ್ಟವಾಗುವುದೂ ಅದಕ್ಕಾಗಿಯೇ. ಫಾರ್ಮುಲಾ ಒನ್‌ನಲ್ಲಿ 2002ರ ತನಕ ಗೆದ್ದವನಿಗೆ 10, ಎರಡನೆಯವನಿಗೆ 6. ಗೆಲುವಿನ ಬೆಲೆ ನಾಲ್ಕು ಅಂಕ ಹೆಚ್ಚು. 2003ರಲ್ಲಿ ಅಲ್ಲಿಯೂ 10, 8, 6 ಎಂಬ ಕ್ರಮ ಬಂತು, ಗೆಲುವಿನ ಬೆಲೆ ಎರಡಕ್ಕಿಳಿಯಿತು. ಈ ಕ್ರಮದಲ್ಲಿ ಗೆಲ್ಲದೆಯೂ ಎರಡು, ಮೂರು, ಎರಡು ಎಂದು ಮುಗಿಸುತ್ತ ಹೋದವನು ಪಟ್ಟಿಯ ಮೇಲೇ ಉಳಿಯಬಲ್ಲ. ಅಂದರೆ ಇಪ್ಪತ್ತು ರೇಸುಗಳ ಉದ್ದಕ್ಕೂ ನಿಯಮಗಳು ಗೆಲುವಿನ ತೂಕವನ್ನು ಇಳಿಸುತ್ತಲೇ ಬಂದವು. ಅಂಕ ಕಡಿಮೆ ಮಾಡಿದವು, ಗೆದ್ದವನನ್ನು ಎಂಟನೇ ಜಾಗಕ್ಕೆ ಕಳುಹಿಸಿದವು, ಅವನ ಕಾರಿಗೆ ಲೋಹ ಬಿಗಿದವು. ಕೊನೆಗೆ ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿ ನಿಂತಾಗ, ಅದೇ ನಿಯಮಪುಸ್ತಕ ಕೇಳಿದ ಮೊದಲ ಪ್ರಶ್ನೆ ‘ಯಾರು ಹೆಚ್ಚು ಗೆದ್ದರು?’ ಎಂಬುದು.

ಡಿರ್ಕ್ ಮ್ಯುಲ್ಲರ್‌ಗೆ ಅನ್ಯಾಯವಾಯಿತೇ ಎಂದು ಕೇಳುವವರಿದ್ದಾರೆ. ಹಾಗೆ ಅನ್ನಿಸುವುದಿಲ್ಲ ನನಗೆ, ಏಕೆಂದರೆ ನಿಯಮ ಮೊದಲೇ ಗೊತ್ತಿತ್ತು. ಆದರೆ ಅವರ ನೋವು ಅರ್ಥವಾಗುತ್ತದೆ. ಏಳು ತಿಂಗಳಲ್ಲಿ ಎಲ್ಲೋ ಒಂದು ಕಡೆ, ಒಂದೇ ಒಂದು ಕಾರನ್ನು ಹೆಚ್ಚಿಗೆ ದಾಟಿದ್ದರೆ 112 ಆಗುತ್ತಿತ್ತು. ಮರೆತೇಹೋಗಿರಬಹುದಾದ ಯಾವುದೋ ಭಾನುವಾರದ ಆರನೇ ಸ್ಥಾನ ಐದನೆಯದಾಗಿದ್ದರೂ ಸಾಕಿತ್ತು.

2005ರಲ್ಲಿ ಈ ಯುರೋಪಿಯನ್ ಸ್ಪರ್ಧೆಯನ್ನೇ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಆಗಿ ಬೆಳೆಸಿದರು. ತಲೆಕೆಳಗಾದ ಗ್ರಿಡ್ ಅದರ ಜೊತೆಗೇ ಬಂತು, ತೂಕವೂ ಬಂತು. ಪ್ರಿಯೋ 2005, 2006, 2007ರಲ್ಲಿ ಸತತವಾಗಿ ಮೂರು ಸಲ ವಿಶ್ವ ಚಾಂಪಿಯನ್ ಆದರು. 2003ರಲ್ಲಿ ಒಂದು ಅಂಕದಿಂದ ಗೆದ್ದಿದ್ದ ಟಾರ್ಕ್ವಿನಿ 2009ರಲ್ಲಿ, ತಮ್ಮ 47ನೇ ವಯಸ್ಸಿನಲ್ಲಿ ಅದೇ ಪ್ರಶಸ್ತಿ ಪಡೆದರು. ಡಿರ್ಕ್ ಮ್ಯುಲ್ಲರ್ 2005ರಲ್ಲೂ ಕೊನೆಯ ಸುತ್ತಿನವರೆಗೆ, ಮಕಾವ್‌ನ ಬೀದಿಗಳ ತನಕ, ಪ್ರಿಯೋ ಬೆನ್ನುಹತ್ತಿ ಹೋದರು. ಆ ವರ್ಷವೂ ಅವರು ಎರಡನೆಯವರು.